ಅವ್ವನ ಹಾಲಿಗೆ ಅಪ್‌ಡೇಟಿನ ನೀರು

ಹೊಸವಸ್ತಿ, ತಾ. ತಿಕೋಟಾ
೨೦ ಜನವರಿ ೨೦೨೫

ಗೆಳೆಯ ಸುಶ್ಯಾ,

ಕುಸುರೆಳ್ಳು ತಗೊಂಡು ಕುಸುರೆಳ್ಳಿನಂಗ ಇರೂಣು ಅಂತ ಮೊನ್ನೆ ಸಂಕ್ರಾಂತಿಗೆ ಊರಿಗೆ ಊರೇ ಅಂದುಕೊಂಡಿತು. ನಿನ್ನ ಪಾಲಿನ ಪುಡಿಕೆ ಈ ಕಾಗದದ ಜೊತೆಗಿದೆ. ಹಾಲಿನ ಗಾಡಿಯ ನಿಜಾಮುದ್ದೀನ ವಿಜಯಪುರಕ್ಕೆ ಬಂದಾಗ ನಿನ್ನ ಕಂಪ್ಯೂಟರ್ ಅಂಗಡಿಗೆ ಮುಟ್ಟಿಸುತ್ತಾನೆ. ಫೋನ್ ಬಿಟ್ಟು ಕಾಗದ ಯಾಕೆ ಅಂತ ಕೇಳಬೇಡ. ನನ್ನ ನಂಬರನ್ನು ನೀನು ಬಂದ್ ಮಾಡಿ ವರ್ಷ ದಾಟಿತು. ಕಾಲೇಜು ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ "ಸುಶ್ಯಾ ಕೊಟ್ಟ ಕಂಪ್ಯೂಟರ, ಆಮಿಗೆ ಅದು ಸಿಸ್ಟರ" ಅಂತ ನಾನು ಬರೆದದ್ದು ತಪ್ಪೇ. ಆದರೆ ಪ್ರಾಸ ಸಿಕ್ಕಾಗ ನನಗೆ ಗೆಳೆತನ ಕಾಣುವುದಿಲ್ಲ. ಬಿ.ಎ. ಮೊದಲನೇ ವರ್ಷದಿಂದ ನಿನಗೆ ಇದು ಗೊತ್ತು.

ಈಗ ಆ ಮಾತು ವಾಪಸು ತಗೊಳ್ಳುತ್ತೇನೆ. ಆಮೆಗೆ ಅವಮಾನ. ಆಮೆ ಹೊರಟರೆ ಒಂದಿನ ಮುಟ್ಟುತ್ತದೆ.

ನಮ್ಮ ಡೇರಿಯ ಕಂಪ್ಯೂಟರನ್ನು ಮುಂಜಾನೆ ಚಾಲೂ ಮಾಡಿದರೆ ಸಾಕು, "ಅಪ್‌ಡೇಟ್ ಆಗುತ್ತಿದೆ, ಬಂದ್ ಮಾಡಬೇಡಿ" ಅನ್ನುತ್ತದೆ. ಬಿಳಿ ಚುಕ್ಕಿಗಳು ಗಾಣದ ಎತ್ತಿನಂತೆ ಸುತ್ತುತ್ತವೆ. ಎಣ್ಣೆ ಮಾತ್ರ ಬರುವುದಿಲ್ಲ. ಆಮೇಲೆ ಎದ್ದರೂ ತೂಕಡಿಕೆ ಬಿಡುವುದಿಲ್ಲ. ಹಾಲು ಪರೀಕ್ಷೆ ಮಾಡುವ ಮಷೀನು ರೀಡಿಂಗ್ ಕಳಿಸಿರುತ್ತದೆ, ಕಂಪ್ಯೂಟರಿನಲ್ಲಿ ಕಾಣಿಸುವುದಿಲ್ಲ. ಬಾಗಿಲಾಚೆ ಕ್ಯಾನು ಹಿಡಿದ ಮಂದಿ ಬೈಯುತ್ತದೆ. "ಸೆಕ್ರೆಟರಿ ಸಾಹೇಬ್ರ, ಹಾಲು ಮೊಸರಾತು, ಮಜ್ಜಗಿ ಆಗೂದ್ರೊಳಗ ಚೀಟಿ ಕೊಡ್ರೀ" ಅಂತ ನೀಲಾಬಾಯಿ ದಿನಾ ಒದರುತ್ತಾಳೆ.

ಇಷ್ಟೇ ಆಗಿದ್ದರೆ ನಾನೂ ನಗುತ್ತಿದ್ದೆ. ಸಂಕ್ರಾಂತಿಯ ಮುನ್ನಾದಿನ, ಭೋಗಿಯ ಮುಂಜಾನೆ, ಅವ್ವನ ಹಾಲಿನಲ್ಲಿ ಅರ್ಧಕ್ಕರ್ಧ ನೀರು ಅಂತ ಚೀಟಿ ಬಂತು.

ನಮ್ಮವ್ವನ ಹಾಲಿನಲ್ಲಿ, ಸುಶ್ಯಾ. ಡೇರಿ ತೆರೆದ ದಿನದಿಂದ ಮೊದಲ ಹಾಲು ರುದ್ರವ್ವನದೇ. ಆಕಿ ಕೈಗುಣ ಚಲೋ, ಆಕಿ ಬೋಣಿ ಮಾಡಿದ್ರ ದಿನಾ ಪೂರ್ತಿ ಹಾಲು ಒಡೆಯೂದಿಲ್ಲ ಅಂತ ಊರಿನ ನಂಬಿಕೆ. ಆಕೆ ಬರುವ ತನಕ ಬೇರೆ ಯಾರೂ ಕ್ಯಾನಿನ ಮುಚ್ಚಳ ತೆಗೆಯುವುದಿಲ್ಲ. ಅಂಥವಳ ಹೆಸರಿಗೆ ಅರ್ಧ ನೀರು! ನಾನು ಅಲ್ಲೇ ಇನ್ನೊಮ್ಮೆ ಪರೀಕ್ಷೆ ಮಾಡಿದೆ. ಹಾಲು ಚೊಕ್ಕ ಅಂತ ಬಂತು. ಸಾಲಿನಲ್ಲಿ ಯಾರೋ ಮೆಲ್ಲಗೆ ಅಂದರು, "ಪರೀಕ್ಷಾ ಮಾಡಾಂವ ಮಗ, ಪಾಸ್ ಆಗಾಕಿ ತಾಯಿ." ಪ್ರಾಸವಿಲ್ಲದಿದ್ದರೂ ಚುಚ್ಚಿತು.

ಅದಾದ ಮೇಲೆ ಇನ್ನೆರಡು ಸಲ ಹಾಗೇ ಆಯಿತು. ಮೂರನೆಯ ಸಲ ಡೇರಿ ಅಧ್ಯಕ್ಷರಾದ ಹಣಮಂತರಾಯರು ಎಲ್ಲರೆದುರು ಕೇಳಿದರು: "ರುದ್ರವ್ವಾ, ಕೆರಿ ನೀರೋ ಬೋರಿನ ನೀರೋ? ಕಳ್ಳರಿಗೂ ಒಂದು ಅಳತಿ ಇರ್ತೈತಿ." ಅವರ ಹಿಂದಿನ ಗೋಡೆಯ ಬೋರ್ಡಿನ ಮೇಲೆ ನಾನು ದಿನಕ್ಕೊಂದು ಬರೆಯುವ ಜೋಡಿಸಾಲು ಆ ದಿನ ಏನಿತ್ತು ಗೊತ್ತೇ? "ಹಾಲಾಗ ನೀರು ಬೆರಸಬ್ಯಾಡ, ಊರಾಗ ಹೆಸರು ಕೆಡಸಬ್ಯಾಡ."

ಒಂದು ಸಲ ಬಂದು ಈ ಕಂಪ್ಯೂಟರ್ ಡಬ್ಬಿ ನೋಡಿ ಹೋಗು.

ಇಂತಿ ನಿನ್ನ ಸಿದ್ದ
(ಎದ್ದರೂ ಬಿದ್ದರೂ ಇದ್ದಲ್ಲೇ ಇದ್ದ)


ವಿಜಯಪುರ
೨೭ ಜನವರಿ ೨೦೨೫

ಶ್ರೀ ಸಿದ್ದಲಿಂಗೇಶ, ಕಾರ್ಯದರ್ಶಿಗಳು, ಇವರಿಗೆ,

ಮಾನ್ಯ ಗ್ರಾಹಕರೇ,

ತಮ್ಮ ದೂರು ತಲುಪಿದೆ. ತಮ್ಮ ಕಂಪ್ಯೂಟರು ಹತ್ತು ವರ್ಷ ಹಳೆಯದು. ಹೊಸ ಅಪ್‌ಡೇಟ್‌ಗಳು ಹೊಸ ಯಂತ್ರಗಳ ಬಲವನ್ನು ಲೆಕ್ಕ ಹಿಡಿದು ತಯಾರಾಗಿರುತ್ತವೆ. ಹಳೆಯ ಯಂತ್ರ ಅವುಗಳ ಭಾರ ಹೊತ್ತು ನಿಧಾನವಾಗುವುದು ಸಹಜ. ಅಪ್‌ಡೇಟ್‌ಗಳು ಸುರಕ್ಷತೆಗಾಗಿ ಇರುವಂಥವು, ತಾವಾಗಿಯೇ ಬರುತ್ತವೆ. ಅವನ್ನು ನಿಲ್ಲಿಸಲು ಕಂಪನಿಯ ಅನುಮತಿ ಇಲ್ಲ. ತಾವು ರಾತ್ರಿ ಕಂಪ್ಯೂಟರ್ ಬಂದ್ ಮಾಡುತ್ತಿರುವುದರಿಂದ ರಾತ್ರಿ ಆಗಬೇಕಾದ ಕೆಲಸವೆಲ್ಲ ಮುಂಜಾನೆ ಕೂಡಿ ಬೀಳುತ್ತದೆ. ರಾತ್ರಿ ಚಾಲೂ ಇಡಬೇಕು. ಹಾಲಿನ ಮಷೀನನ್ನು ತಪ್ಪದೆ ತೊಳೆಯಬೇಕು. ರೀಡಿಂಗ್‌ನ ಸರಿತಪ್ಪಿಗೆ ಸರ್ವಿಸ್ ಕೇಂದ್ರ ಹೊಣೆಯಲ್ಲ.

ತಮ್ಮ ವಿಶ್ವಾಸಿ,
ಸುಶೀಲೇಂದ್ರ

(ಕುಸುರೆಳ್ಳು ಮುಟ್ಟಿತು. ಅವ್ವಗ ನಮಸ್ಕಾರ ಹೇಳು.)


ಹೊಸವಸ್ತಿ
೪ ಫೆಬ್ರುವರಿ ೨೦೨೫

ಮಾನ್ಯ ಸರ್ವಿಸ್ ಕೇಂದ್ರದವರೇ,

ತಮ್ಮ ಪತ್ರದಲ್ಲಿ ಪೆನ್ನಿನಿಂದ ಬರೆದ ಒಂದು ಸಾಲು ಬಿಟ್ಟರೆ ಉಳಿದದ್ದನ್ನು ನಾನು ಓದಿಲ್ಲ ಅಂತ ತಿಳಿಯಿರಿ.

ರಾತ್ರಿ ಚಾಲೂ ಇಡು ಅನ್ನುತ್ತೀ. ನಮ್ಮ ವಸ್ತಿಗೆ ರಾತ್ರಿ ಕರೆಂಟು ಬಂದರೆ ಪಂಪ್‌ಸೆಟ್ಟಿನವರು ಎದ್ದು ಓಡುತ್ತಾರೆ, ಹೋದರೆ ಮಲಗುತ್ತಾರೆ. ಅದು ಹಾಗೆ ಬಂದು ಹೋಗಿ ಮಾಡಿದರೆ ಡಬ್ಬಿ ಸುಟ್ಟೀತು ಅಂತ ನಾನು ಸಂಜೆ ವಾಯರು ಕಿತ್ತು, ಮೇಲೊಂದು ಹಳೇ ಸೀರೆ ತುಂಡು ಹೊದಿಸಿ, ಕೈ ಮುಗಿದು ಬರುತ್ತೇನೆ.

ಅವ್ವನಿಗೆ ನಿನ್ನ ನಮಸ್ಕಾರ ಹೇಳಿದೆ. ಉತ್ತರ ಇಲ್ಲ. ಆಕೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಡೇರಿಗೆ ಹಾಲು ಹಾಕುವುದನ್ನೂ ಬಿಟ್ಟಿದ್ದಾಳೆ. ಬರುವುದು ಮಾತ್ರ ಬಿಟ್ಟಿಲ್ಲ. ದಿನಾ ಎಲ್ಲರಿಗಿಂತ ಮೊದಲು ಕ್ಯಾನು ತುಂಬಿಕೊಂಡು ಬರುತ್ತಾಳೆ. ಒಳಗೆ ಕಾಲಿಡುವುದಿಲ್ಲ. ಬಾಗಿಲಾಚೆ ಬೇವಿನ ಗಿಡದ ಕೆಳಗೆ ಕ್ಯಾನು ಇಟ್ಟುಕೊಂಡು ನಿಲ್ಲುತ್ತಾಳೆ. ಸಾಲು ಮುಗಿದು, ನಿಜಾಮುದ್ದೀನನ ಗಾಡಿ ಹೋಗಿ, ಬಿಸಿಲೇರಿ, ಹಾಲು ಹುಳಿವಾಸನೆ ಹೊಡೆಯುವ ತನಕ ನಿಂತು, ಅದೇ ಗಿಡದ ಬುಡಕ್ಕೆ ಸುರಿದು ಮನೆಗೆ ಹೋಗುತ್ತಾಳೆ. ಮಂದಿ ಮೊದಲು ನಕ್ಕರು. ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟರು.

ಮನೆಯಲ್ಲಿ ನನಗೆ ಕರಿ ಚಾ. ಹಾಲು ನಮ್ಮ ಒಲೆಗೂ ಬರುವುದಿಲ್ಲ. ಹೆಂಡತಿ ಸೌಭಾಗ್ಯ ಬಬಲೇಶ್ವರದ ತವರಿನಿಂದ ಹಾಲಿನ ಪುಡಿ ತರಿಸಿದ್ದಳು. ಅವ್ವ ಆ ಡಬ್ಬಿ ಎತ್ತಿ ಜಂತಿಯ ಮೇಲಿಟ್ಟಳು. "ಏನರೆ ಮಾಡು" ಅಂದೆ ಸೌಭಾಗ್ಯಳಿಗೆ. "ನಾ ಏನ್ ಮಾಡ್ಲಿ? ನಿಮ್ಮ ಪ್ರಾಸದಿಂದ ಅತ್ತಿ ಹೆಸರು ತೊಳ್ಯಾಕ ಬರ್ತದೇನು ನೋಡ್ರಿ" ಅಂದಳು.

ಪ್ರಾಸವೂ ಕೈಕೊಟ್ಟಿದೆ. ಬೋರ್ಡಿನ ಮೇಲೆ "ಮಷೀನಿಗೆ ಕರೆಂಟ್ ಇದ್ರ ಸಾಕು, ಎಮ್ಮಿಗೆ ಹಿಂಡಿ ಇದ್ರ ಸಾಕು" ಅಂತ ಒಂದು ಸಾಲು ಬರೆದು ವಾರವಾಯಿತು. ಎರಡನೆಯ ಸಾಲು ಹೊಳೆಯದು. ಅರ್ಧ ಸಾಲು ಗೋಡೆಯ ಮೇಲೆ, ಅವ್ವ ಬಾಗಿಲಾಚೆ ಅದರೆದುರಿಗೆ.

ನಾವು ವಿಜಯಪುರದಲ್ಲಿ ರೂಮು ಮಾಡಿದ್ದಾಗ ಊರಿನಿಂದ ಬಸ್ಸಿನಲ್ಲಿ ನನ್ನ ಬುತ್ತಿ ಬರುತ್ತಿತ್ತಲ್ಲ, ನೆನಪಿದೆಯೇ? ಒಂದು ದಿನವೂ ಒಬ್ಬರ ಬುತ್ತಿ ಬರಲಿಲ್ಲ. "ಆ ಭಟ್ರ ಹುಡುಗ ಮಂದಿ ಮಡಿ ಮನ್ಯಾಗ ಹೊಟ್ಟಿ ತುಂಬ ಉಣ್ಣಂಗಿಲ್ಲ, ಅವಂಗೂ ಇರಲಿ" ಅಂತ ಇನ್ನೆರಡು ರೊಟ್ಟಿ, ಒಂದು ದೊಡ್ಡ ಡಬ್ಬಿ ಮೊಸರು. ಆ ಮೊಸರಿನಲ್ಲಿ ನಿನಗೆ ಎಂದಾದರೂ ನೀರು ಕಂಡಿತ್ತೇ?

ಇಂತಿ,
ಸಿದ್ದ


ವಿಜಯಪುರ
೧೨ ಫೆಬ್ರುವರಿ ೨೦೨೫

ಸಿದ್ದಾ,

ಈ ಸಲ ಕೈಯಿಂದಲೇ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟಿದೆ, ಸುಧಾರಿಸಿಕೋ.

ಮೊಸರಿನ ಮಾತು ತೆಗೆದು ನೀನು ನನ್ನ ಬಾಯಿ ಕಟ್ಟಿದೆ. ಆದರೂ ನನ್ನ ಬಾಜೂ ಸ್ವಲ್ಪ ಕೇಳು. ಸುತ್ತಮುತ್ತಲಿನ ಇಂಥ ಕಂಪ್ಯೂಟರುಗಳ ಸರ್ವಿಸ್ ಗುತ್ತಿಗೆ ನನ್ನದು, ನಿಜ. ಮಾಲಕ ಬೇರೆ ಊರಿನ ಕಂಪನಿ. ಅಪ್‌ಡೇಟ್‌ನಿಂದ ಒಂದು ಊರಿನ ರೀಡಿಂಗ್ ಕೆಟ್ಟಿತು ಅಂತ ನಾನು ಬಾಯಿ ಬಿಟ್ಟರೆ, ಮರುದಿನ ಪ್ರತಿ ಊರಿನಲ್ಲಿ ನೀರು ಹಾಕಿದವರೆಲ್ಲ ಅದೇ ಹೇಳುತ್ತಾರೆ. ಅದರ ಮರುದಿನ ನನ್ನ ಗುತ್ತಿಗೆ ಹೋಗುತ್ತದೆ. ನಿನ್ನ ಆಮೆಯ ಪ್ರಾಸದಿಂದ ನನಗೆ ಏನಾಯಿತು ಅಂತ ನೀನು ಎಂದೂ ಕೇಳಲಿಲ್ಲ. ಗಾಂಧಿ ಚೌಕದಲ್ಲಿ ರಿಕ್ಷಾದವರು ಇಂದಿಗೂ "ಆಮಿ ಅಂಗಡಿ ಮುಂದ ನಿಂದ್ರಸ್ಲೇನ್ರಿ?" ಅಂತಾರ. ಮಗಳ ಸಾಲಿಯೊಳಗೂ ಗೊತ್ತದ.

ಇರಲಿ. ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ರುದ್ರವ್ವ ಊರ ಮಂದಿ ಅಂದದ್ದಕ್ಕೆ ಬಾಯಿ ಮುಚ್ಚುವ ಹೆಂಗಸಲ್ಲ. ಒಂದು ದಿನ ಬುತ್ತಿ ಚೆಲ್ಲಿದ ಬಸ್ ಕಂಡಕ್ಟರನನ್ನು ನಿಲ್ದಾಣದಲ್ಲಿ ನಿಲ್ಲಿಸಿ ಬೈದಿದ್ದನ್ನು ನಾನು ಕಂಡಿದ್ದೇನೆ. ಅಂಥವಳು ಹಣಮಂತರಾಯರನ್ನು ಬಿಟ್ಟು ನಿನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅದು ಯಾಕೆ? ನೀನು ಏನನ್ನೋ ಬರೆಯದೆ ಬಿಟ್ಟಿದ್ದೀ.

ಸುಶೀಲೇಂದ್ರ


ಹೊಸವಸ್ತಿ
೨೧ ಫೆಬ್ರುವರಿ ೨೦೨೫

ಸುಶ್ಯಾ,

ಬರೆದು ಹರಿದು, ಬರೆದು ಹರಿದು, ನಿಜಾಮುದ್ದೀನ ಮೂರು ದಿನ ಬರಿಗೈಲಿ ಹೋದ. "ಯಣ್ಣಾ, ನಾ ಹಾಲಿನ ಗಾಡಿ ಹೊಡಿಯಾಂವೋ ಟಪಾಲಿನ ಗಾಡಿ ಹೊಡಿಯಾಂವೋ? ಒಂದು ಹೇಳು" ಅಂತಾನೆ.

ಹೌದು, ಬರೆಯದೆ ಬಿಟ್ಟಿದ್ದೆ.

ಮೂರನೆಯ ಸಲ ಚೀಟಿ ಬಂದು, ಅಧ್ಯಕ್ಷರು ಆ ಮಾತು ಅಂದಾಗ, ಅವ್ವ ಅವರಿಗೆ ಉತ್ತರ ಕೊಡಲು ಸೆರಗು ಸೊಂಟಕ್ಕೆ ಸಿಗಿಸಿದ್ದಳು. ಇನ್ನೇನು ಬಾಯಿ ತೆಗೆಯಬೇಕು. ಅಷ್ಟರಲ್ಲಿ ನಾನು, ಕುರ್ಚಿ ಮೇಲೆ ಕುಳಿತೇ, ಚೀಟಿ ಕೈಯಲ್ಲಿ ಹಿಡಿದು, ಮೆಲ್ಲಗೆ ಕೇಳಿದೆ: "ಅವ್ವಾ, ಕ್ಯಾನ್ ತೊಳದ ನೀರು ಒಳಗ ಉಳದಿತ್ತೇನು?"

ಅಷ್ಟೇ. ಆಕೆಯನ್ನು ಉಳಿಸಲಿಕ್ಕೆ ಕೇಳಿದ್ದು ಅಂತ ನಾನು ನನಗೇ ಹೇಳಿಕೊಂಡೆ. ಹೂಂ ಅಂದುಬಿಟ್ಟರೆ ಎಲ್ಲ ನಗುತ್ತ ಮುಗಿದೀತು ಅಂತ. ಆದರೆ ಆಕೆ ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ. ಸೆರಗು ಬಿಚ್ಚಿ ತಲೆಯ ಮೇಲೆ ಹಾಕಿಕೊಂಡಳು. ಕ್ಯಾನು ಎತ್ತಿಕೊಂಡು ಹೊರಗೆ ಹೋದಳು. ಅಂದಿನಿಂದ ಹೊರಗೇ.

ಸುಶ್ಯಾ, ಅರೆಘಳಿಗೆ ನನಗೆ ಅನುಮಾನ ಬಂದಿತ್ತು. ಕಂಪ್ಯೂಟರ್ ಸುಳ್ಳು ಹೇಳೀತೇ ಅನ್ನಿಸಿತ್ತು. ನನ್ನ ಅವ್ವ ಸುಳ್ಳು ಹೇಳ್ಯಾಳು, ಅದು ಹೇಳೂದಿಲ್ಲ ಅಂತ. ಆಕೆಗೆ ಕಂಡದ್ದು ಅದೇ.

ಈಗ ಕೇಳು. ಆಡಳಿತ ಮಂಡಳಿ ಕೂಡಿ ಠರಾವು ಮಾಡಿದೆ. ಹೋಳಿ ಮುಗಿದ ಮೇಲೆ, ಮಾರ್ಚ್ ಹದಿನೇಳಕ್ಕೆ, ಐದು ಮಂದಿ ಪಂಚರ ಮುಂದೆ ಅವ್ವ ಎಮ್ಮೆ ಹಿಂಡಬೇಕು. ಆ ಹಾಲನ್ನು ಅದೇ ಮಷೀನಿನಲ್ಲಿ, ನನ್ನನ್ನು ಬಿಟ್ಟು ಬೇರೆಯವರು ಪರೀಕ್ಷೆ ಮಾಡಬೇಕು. ನೀರು ಅಂತ ಬಂದರೆ ರುದ್ರವ್ವನ ಹೆಸರು ಡೇರಿಯಿಂದ ತೆಗೆದು, ಬೋರ್ಡಿನ ಮೇಲೆ ಬರೆಯುವುದು. ಬರೆಯುವ ಕೆಲಸ ಸೆಕ್ರೆಟರಿಯದು.

ಆ ದಿನವೂ ಈ ಡಬ್ಬಿ ತೂಕಡಿಸಿದರೆ? ನಾನು ನನ್ನ ಕೈಯಿಂದ ನಮ್ಮವ್ವನ ಹೆಸರು ಕಳ್ಳಿ ಅಂತ ಬರೆಯಬೇಕೇ? ಅದರೊಳಗೆ ಏನಾಗುತ್ತಿದೆ ಅಂತ ನನಗೆ ತಿಳಿಯದು. ದಿನದಿನಕ್ಕೆ ಹೆಚ್ಚು ನಿಧಾನ. ತಿಕೋಟಾದ ಮೊಬೈಲ್ ಅಂಗಡಿಯವನನ್ನು ಕರೆದು ತೋರಿಸಿದೆ. "ಇದಕ್ಕ ಔಷಧ ಇಲ್ರಿ, ಮಣ್ಣ ಕೊಡ್ರಿ" ಅಂದು ಹೋದ. ನೀನು ಬಾ. ಗುತ್ತಿಗೆಯ ಕಾಗದ ತರಬೇಡ. ಗೆಳೆ‌ಯನಂತೆ ಬಾ. ಕೈ ಮುಗಿಯುತ್ತೇನೆ.

ಸಿದ್ದಲಿಂಗೇಶ


ವಿಜಯಪುರ
೫ ಮಾರ್ಚ್ ೨೦೨೫

ಸಿದ್ದಾ,

ಮೊನ್ನೆ ಸೋಮವಾರ ಮುಂಜಾನೆ ನಿಮ್ಮೂರಿಗೆ ಬಂದಿದ್ದೆ. ನಿಜಾಮುದ್ದೀನನ ಗಾಡಿಯಲ್ಲಿ, ತಲೆಗೆ ಟಾವೆಲ್ ಸುತ್ತಿಕೊಂಡು, ಖಾಲಿ ಕ್ಯಾನುಗಳ ನಡುವೆ ಕುಳಿತು. ನಿನ್ನನ್ನು ಕಾಣುವ ಧೈರ್ಯವಾಗಲಿಲ್ಲ. ಬೇವಿನ ಗಿಡದ ಹತ್ತಿರ ನಿಂತೆ. ಅವ್ವ ಅಲ್ಲೇ ಇದ್ದಳು. ಎಷ್ಟು ಸಣ್ಣಗಾಗಿದ್ದಾಳೋ. ಗುರುತು ಹಿಡಿಯಲಿಕ್ಕಿಲ್ಲ ಅಂದುಕೊಂಡೆ. ಆಕೆ ನನ್ನ ಕಡೆ ತಿರುಗಿ, "ಉಂಡೀಯೇನಪಾ?" ಅಂದಳು. ಮುಂಜಾನೆ ಆರಕ್ಕೆ ಅಪರಿಚಿತನಿಗೆ ಯಾರೂ ಹಾಗೆ ಕೇಳುವುದಿಲ್ಲ. ಇಲ್ಲವೆಂದು ತಲೆ ಆಡಿಸಿದೆ.

ಕಿಟಕಿಯಿಂದ ನಿನ್ನನ್ನು ನೋಡುತ್ತಿದ್ದೆ. ಮೊದಲು ಕೊಳವೆ ತೊಳೆಯಲಿಕ್ಕೆ ಮಷೀನಿಗೆ ಒಂದು ಲೋಟ ನೀರು ಕುಡಿಸಿದೆ. ಸರಿಯಾದದ್ದೇ. ಆ ನೀರಿಗೂ ಒಂದು ರೀಡಿಂಗ್ ಹುಟ್ಟುತ್ತದೆ. ಮೊದಲೆಲ್ಲ ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಪರದೆಯ ಮೇಲೆ ಬರುತ್ತಿತ್ತು, ನೀನು ಅಳಿಸಿ, ಆಮೇಲೆ ಹಾಲು ಹಾಕುವವರ ಮೊದಲ ನಂಬರು ಹೊಡೆಯುತ್ತಿದ್ದೆ. ಈಗ ಅಪ್‌ಡೇಟ್‌ನ ಭಾರದಲ್ಲಿ ಅದು ತಡವಾಗಿ ಬರುತ್ತದೆ. ನೀನು ಕಾಯುವುದಿಲ್ಲ. ಸಾಲು ಬೈಯುತ್ತದೆ ಅಂತ ಮೊದಲೇ ನಂಬರು ಹೊಡೆದು ಕೂಡುತ್ತೀ. ಕಂಪ್ಯೂಟರ್ ಎಚ್ಚರಾಗಿ, ಎದುರಿಗೆ ಇದ್ದ ನಂಬರಿಗೆ ಆ ತೊಳೆದ ನೀರನ್ನು ಕಟ್ಟುತ್ತದೆ. ಕೊಳವೆಯಲ್ಲಿ ಹಿಂದಿನ ಸಂಜೆಯ ಹಾಲು ಉಳಿದಿರುತ್ತದೆ. ಅದಕ್ಕೇ ಪೂರಾ ನೀರು ಅನ್ನದೆ ಅರ್ಧ ಹಾಲು, ಅರ್ಧ ನೀರು ಅನ್ನುತ್ತದೆ.

ಇದು ನನ್ನ ಊಹೆ ಅಂತ ನನಗೂ ಅನ್ನಿಸಿತು. ಅಂಗಡಿಗೆ ಬಂದು ನೋಡಿದೆ. ನಿಮ್ಮ ಕಂಪ್ಯೂಟರಿನ ದಾಖಲೆ ನಮ್ಮಲ್ಲಿಗೂ ಬರುತ್ತದೆ. ದಿನಾ ಮುಂಜಾನೆಯ ಮೊದಲ ಸಾಲಿನಲ್ಲಿ ಅವ್ವನ ನಂಬರು, ಅದರೆದುರು ಅರ್ಧ ನೀರು.

ಜನವರಿ ಮುಗಿಯುವ ಮೊದಲೇ ಅವ್ವ ಹಾಲು ಹಾಕುವುದನ್ನು ಬಿಟ್ಟಿದ್ದಾಳೆ ಅಂತ ನೀನೇ ಬರೆದಿದ್ದೀ. ನಾನೂ ಕಣ್ಣಾರೆ ಕಂಡೆ, ಮುಚ್ಚಳ ಕೂಡ ತೆಗೆಯಲಿಲ್ಲ. ಹಂಗಿದ್ರ ದಿನಾ ಮುಂಜಾನೆ ಆಕಿ ನಂಬರಿಗೆ ಬೀಳೋ ಆ ನೀರು ಯಾರದೋ, ಸಿದ್ದಾ? ಆಕೆ ಹಾಕದ ಹಾಲಿನಲ್ಲಿ ನೀರು ಎಲ್ಲಿಂದ ಬಂತು? ಆಕೆಯ ನಂಬರನ್ನು ದಿನಾ ಯಾರು ಹೊಡೆಯುತ್ತಿದ್ದಾರೆ?

ಸುಶೀಲೇಂದ್ರ


ಹೊಸವಸ್ತಿ
೮ ಮಾರ್ಚ್ ೨೦೨೫

ಸುಶ್ಯಾ,

ನಾನೇ.

ಮೊದಲ ನಂಬರು ಅವ್ವನದು. ಆಕೆ ಹೊರಗೆ ನಿಂತ ಮೇಲೂ ಬೇರೆಯವರ ನಂಬರಿನಿಂದ ಬೋಣಿ ಮಾಡಲು ನನ್ನ ಕೈ ಬರಲಿಲ್ಲ. ಇವತ್ತಾದರೂ ಒಳಗೆ ಬಂದಾಳು ಅಂತ ದಿನಾ ಮುಂಜಾನೆ ಆಕೆಯ ನಂಬರು ಹೊಡೆದು, ಬಾಗಿಲ ಕಡೆ ನೋಡಿ, ಸ್ವಲ್ಪ ಹೊತ್ತು ಬಿಟ್ಟು, ನೀಲಾಬಾಯಿಯ ನಂಬರಿಗೆ ಹೋಗುತ್ತಿದ್ದೆ. ಹಾಲು ಇಲ್ಲದ್ದಕ್ಕೆ ಚೀಟಿ ಬರುತ್ತಿರಲಿಲ್ಲ, ನಾನು ನೋಡಲಿಲ್ಲ. ಪ್ರೀತಿಯಿಂದ ಖಾಲಿ ಬಿಟ್ಟ ಜಾಗ ಅಂತ ತಿಳಿದಿದ್ದೆ. ದಿನಾ ಅದರಲ್ಲಿ ಒಂದು ಲೋಟ ನೀರು ತುಂಬುತ್ತಿದ್ದೆ. ಅವ್ವನ ಹಾಲಿಗೆ ನೀರು ಹಾಕಿದವನು ನಾನು, ಸುಶ್ಯಾ. ಅಪ್‌ಡೇಟ್ ಲೋಟ ಕೊಟ್ಟಿತು, ಸುರಿದದ್ದು ನನ್ನ ಕೈ.

ನಿನ್ನ ಕಾಗದ ಹಿಡಿದುಕೊಂಡು ಹಣಮಂತರಾಯರ ಮನೆಗೆ ಓಡಿದೆ. ಎಲ್ಲ ಹೇಳಿದೆ. ಅವರು ಎಲಿಯಡಿಕೆ ಹಾಕಿಕೊಳ್ಳುತ್ತ ಕೇಳಿ, "ಚಲೋ ಕಟ್ಟೀರಿ ಸೆಕ್ರೆಟರಿ. ಇಪ್ಪತ್ತು ವರ್ಷದಿಂದ ನಿಮ್ಮ ಪದ ಕೇಳಾಕತ್ತೇವಿ, ಇದು ಎಲ್ಲಾದ್ರಕಿಂತ ಚಲೋ ಐತಿ. ಪ್ರಾಸ ಒಂದ ಕಮ್ಮಿ" ಅಂದರು. ಕೂತವರೆಲ್ಲ ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಜೀವನವೆಲ್ಲ ಮಾತು ಜೋಡಿಸಿದವನು ಒಂದು ದಿನ ನಿಜ ಹೇಳಿದರೆ ಅದೂ ಜೋಡಿಸಿದ್ದೇ ಅನ್ನಿಸುತ್ತದೆ. "ಕಾಗದ ನಿಮ್ಮ ಗೆಳೆಯಂದು. ಸರ್ವಿಸ್‌ನವರು ಸಿಕ್ಕಾ ಒತ್ತಿ ದಾಖಲೆ ತರಲಿ, ಪಂಚರ ಮುಂದ ಮಾಡಿ ತೋರಸಲಿ, ನಂಬತೇವಿ" ಅಂದರು.

ಇತ್ತ ಅವ್ವನಿಗೆ ಜ್ವರ. ಹಾಸಿಗೆ ಹಿಡಿದಿದ್ದಾಳೆ. ಎಮ್ಮೆ ಆಕೆಯ ಕೈಗಲ್ಲದೆ ತೊರೆ ಬಿಡುವುದಿಲ್ಲ. ಸೌಭಾಗ್ಯ ಅತ್ತೆಯ ಸೀರೆ ಉಟ್ಟು ಕುಳಿತಳು, ಒದ್ದಿತು. ನಾನು ಕುಳಿತೆ, ತಿರುಗಿ ನೋಡಿ ಮುಖ ಹೊರಳಿಸಿತು. ಎಮ್ಮೆಗೂ ಗೊತ್ತಾಗಿದೆ. ಹಾಲು ಕೆಚ್ಚಲಲ್ಲೇ ಉಳಿದು ಕಮ್ಮಿಯಾಗುತ್ತಿದೆ. ಬಬಲೇಶ್ವರದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಾ ಅಂತ ಅವ್ವ ಸೌಭಾಗ್ಯಳ ಕೈಲಿ ಹೇಳಿ ಕಳಿಸಿದಳು. ಒಂದೇ ಮನೆ, ಒಂದೇ ಗೋಡೆ. ಹೇಳಿ ಕಳಿಸುತ್ತಾಳೆ! ನಾನು ಇನ್ನೂ ಹೋಗಿಲ್ಲ.

ಹದಿನೇಳಕ್ಕೆ ನೀನು ಆ ದಾಖಲೆ, ಸಿಕ್ಕಾ ಹಿಡಿದು ಬರಬೇಕು. ಅದರಿಂದ ನಿನಗೆ ಏನಾಗುತ್ತದೆ ಅಂತ ನನಗೆ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ. ಬೇರೆ ದಾರಿ ಇಲ್ಲ.

ಸಿದ್ದ


ವಿಜಯಪುರ
೧೪ ಮಾರ್ಚ್ ೨೦೨೫

ಸಿದ್ದಾ,

ಕಂಪನಿಗೆ ಕೇಳಿದೆ. ದಾಖಲೆ ಹೊರಗೆ ಕೊಡಬಾರದು, ಹಳೆಯ ಯಂತ್ರದ ಹೊಣೆ ನಮ್ಮದಲ್ಲ, ಅವರು ಹೊಸದು ತಗೊಳ್ಳಲಿ ಅಂದರು. ಲಿಖಿತದಲ್ಲಿ ಕೊಟ್ಟಿದ್ದಾರೆ.

ಇವತ್ತು ಹೋಳಿಯ ಬಣ್ಣ. ಮಗಳು ನನ್ನ ಮುಖಕ್ಕೆ ಹಸಿರು ಬಳಿದು "ಪಪ್ಪಾ, ಆಮಿ" ಅಂದಳು. ನಕ್ಕೆ.

ಶಿವಯೋಗೆಪ್ಪ ಕಾಕಾ ಇದ್ದಾಗ ಅವ್ವ ಹೇಳುತ್ತಿದ್ದ ಒಡಪು ಬೆಳಗಿನಿಂದ ಬಾಯಲ್ಲಿ ಸುತ್ತುತ್ತಿದೆ. ಗಂಡನ ಹೆಸರು ಹೇಳು ಅಂತ ನಾವು ಕಾಡಿದರೆ, ನಾಚಿಕೊಂಡು, "ಹಾಲಿಗೆ ಕೆನಿ ಒಪ್ಪ, ಕೆನಿ ಕಡದ್ರ ತುಪ್ಪ, ಹೆಸರು ಕೇಳಿದ್ರ ಹೇಳ್ತೀನಿ ಶಿವಯೋಗೆಪ್ಪ." ನಿನ್ನ ಪ್ರಾಸದ ಹುಚ್ಚು ಅಲ್ಲಿಂದಲೇ ಬಂದದ್ದು.

ಬರುತ್ತೇನೆ ಅಂತ ಬರೆಯಲು ಕೈ ಏಳುತ್ತಿಲ್ಲ.

ಸು.


ಹೊಸವಸ್ತಿ
೨ ಏಪ್ರಿಲ್ ೨೦೨೫

ಸುಶ್ಯಾ,

ಬರುತ್ತೇನೆ ಅಂತ ಬರೆಯದೆ ಬಂದೆ. ಹಾಲಿನ ಗಾಡಿ ಕಾಯುವುದಿಲ್ಲ ಅಂತ ಅದೇ ಗಾಡಿಯಲ್ಲಿ ಹೋಗಿಯೂಬಿಟ್ಟೆ. ಹೋದ ಮೇಲೆ ಆದದ್ದನ್ನು ಬರೆಯಬೇಕು ಅಂತ ಅಂದಿನಿಂದ ಪ್ರಯತ್ನಿಸುತ್ತಿದ್ದೇನೆ. ಯುಗಾದಿಯೂ ದಾಟಿತು.

ಅವ್ವ ಜ್ವರದಲ್ಲಿ ಮಲಗಿ ಎಮ್ಮೆ ಹಿಂಡುವ ಪರೀಕ್ಷೆ ತಪ್ಪಿದ ಆ ದಿನ, ನೀನು ಸಿಕ್ಕಾ ಒತ್ತಿದ ಹಾಳೆಗಳನ್ನು ಪಂಚರ ಮುಂದೆ ಹರಡಿ, "ಈಕಿ ಹಾಲು ಹಾಕದ ದಿನಗೋಳ ನೀರು ನೋಡ್ರಿ" ಅಂದಾಗ ಹಣಮಂತರಾಯರು ಕಣ್ಣಿಗೆ ಚಾಳೀಸು ಏರಿಸಿಕೊಂಡರು. ಆಮೇಲೆ ನೀನು ಅವರ ಕ್ಯಾನನ್ನೇ ಮೊದಲು ಇಡಿಸಿ, ನಾನು ಮಾಡುತ್ತಿದ್ದಂತೆಯೇ ನೀರು ಕುಡಿಸಿ, ಅವಸರದಲ್ಲಿ ಅವರ ನಂಬರು ಹೊಡೆದೆ. ಡಬ್ಬಿ ತೂಕಡಿಸಿತು. ಎಚ್ಚರಾಗಿ, ಅಧ್ಯಕ್ಷರ ಹಾಲಿನಲ್ಲಿ ಅರ್ಧಕ್ಕರ್ಧ ನೀರು ಅಂದಿತು. ಸಾಲಿನಿಂದ ನೀಲಾಬಾಯಿ ಒದರಿದಳು: "ಅಧ್ಯಕ್ಷರ, ಕೆರಿ ನೀರೋ ಬೋರಿನ ನೀರೋ?" ಆ ಗದ್ದಲದಲ್ಲಿ ನಿಜಾಮುದ್ದೀನ ಹಾರ್ನ್ ಹೊಡೆದ, ನೀನು ಗಾಡಿ ಹತ್ತಿ ಹೋದೆ.

ನೀನು ಹೋದ ಮೇಲೆ ಹಣಮಂತರಾಯರು ತಾವೇ ನಮ್ಮ ಮನೆಗೆ ನಡೆದರು. ಹಿಂದೆ ಊರು. ಹೊಸ್ತಿಲಲ್ಲಿ ನಿಂತು, "ರುದ್ರವ್ವಾ, ತಪ್ಪಾತು. ಬಾ ಯವ್ವಾ, ಬೋಣಿ ಮಾಡು" ಅಂದರು. ಅವ್ವ ಜ್ವರದಿಂದ ಎದ್ದು, ಸೆರಗು ಸರಿಮಾಡಿಕೊಂಡು, ಕ್ಯಾನು ತೆಗೆದುಕೊಂಡು ಹೊರಟಳು. ದಾರಿಯುದ್ದಕ್ಕೂ ಮಂದಿ ಸರಿದು ದಾರಿ ಕೊಟ್ಟರು. ಡೇರಿಯೊಳಗೆ ಬಂದಳು. ಮುಚ್ಚಳ ತೆಗೆದಳು. ಕ್ಯಾನನ್ನು ನನ್ನ ಮುಂದಿನ ಟೇಬಲ್ಲಿನ ಮೇಲೆ ಬೋರಲು ಹಾಕಿದಳು.

ಒಂದು ಹನಿ ಬೀಳಲಿಲ್ಲ.

"ಎಮ್ಮಿ ಬತ್ತೇತಿ" ಅಂದಳು, ಅಧ್ಯಕ್ಷರ ಕಡೆ ನೋಡಿ. ಬಂದ ದಾರಿ ಹಿಡಿದಳು.

ಈಗ ಆಕೆ ಬೇವಿನ ಗಿಡದ ಕೆಳಗೂ ಬರುವುದಿಲ್ಲ. ಆ ಗಿಡ ಈ ಸಲ ಯುಗಾದಿಗೆ ಮೈತುಂಬ ಹೂ ಬಿಟ್ಟಿದೆ. ಹೊಸ ಕಂಪ್ಯೂಟರ್ ಬರುತ್ತದೆ ಅನ್ನುತ್ತಾರೆ, ಯಾವಾಗ ಅಂತ ಯಾರೂ ಅನ್ನುವುದಿಲ್ಲ. ಅಲ್ಲಿಯ ತನಕ ನಾನು ತೊಳೆದ ನೀರಿನ ರೀಡಿಂಗ್ ಬರುವವರೆಗೆ ಕೈಕಟ್ಟಿ ಕೂಡುತ್ತೇನೆ. ಸಾಲು ಬೈಯುತ್ತದೆ. ಬೈಯಲಿ.

ನಿನ್ನ ಅಂಗಡಿಯ ಬೋರ್ಡು ಇಳಿದಿದೆ ಅಂತ ನಿಜಾಮುದ್ದೀನ ಹೇಳಿದ. ನಿನ್ನೆ ಸುಮ್ಮನೆ ನಿನ್ನ ನಂಬರಿಗೆ ಹೊಡೆದೆ. ರಿಂಗ್ ಆಯಿತು, ಸುಶ್ಯಾ. ವರ್ಷದ ಮೇಲೆ ರಿಂಗ್ ಆಯಿತು. ನೀನು ಎತ್ತುವ ಮೊದಲೇ ಕಡಿದೆ. ಏನು ಅಂತ ಮಾತಾಡಲಿ?

ಈ ಕಾಗದದ ಜೊತೆ ಒಂದು ಬುತ್ತಿ ಇದೆ. ಕಟ್ಟಿದ್ದು ಅವ್ವ. ನಾನು ಹೇಳಿಲ್ಲ, ಆಕೆಯೇ ಮುಂಜಾನೆ ಎದ್ದು ರೊಟ್ಟಿ ಬಡಿದಳು. ಮೊಸರಿಲ್ಲ, ಶೇಂಗಾ ಚಟ್ನಿ ಹೆಚ್ಚಿಗೆ ಹಾಕಿದ್ದಾಳೆ. "ಅವತ್ತು ಗಿಡದ ಕೆಳಗ ನಿಂತಾಗ ಉಂಡಿರಲಿಲ್ಲ ಅಂವ" ಅಂತ ಸೌಭಾಗ್ಯಳಿಗೆ ಅಂದಳಂತೆ.

ಬುತ್ತಿ ಕಟ್ಟಿ ಮುಗಿಸಿ ನನಗೂ ಚಾ ತಂದಳು. ಕರಿ ಚಾ. ಈಗ ಸಿಟ್ಟಿನಿಂದಲ್ಲ, ಹಾಲೇ ಇಲ್ಲ. ಕಪ್ಪು ನನ್ನ ಮುಂದೆ ಇಟ್ಟು, ಹೋಗದೆ ನಿಂತಳು. ಎರಡೂವರೆ ತಿಂಗಳ ಮೇಲೆ ನನ್ನ ಮುಖ ನೋಡಿ ಬಾಯಿ ಬಿಟ್ಟಳು. ಬೋರ್ಡಿನ ಮೇಲಿನ ನನ್ನ ಅರ್ಧ ಸಾಲನ್ನು, ದಿನಾ ಅದರೆದುರು ನಿಂತು ಮಂದಿ ಓದುವುದನ್ನು ಕೇಳಿ ಕೇಳಿ, ಬಾಯಿಪಾಠ ಮಾಡಿದ್ದಾಳೆ.

"ಮಷೀನಿಗೆ ಕರೆಂಟ್ ಇದ್ರ ಸಾಕು, ಎಮ್ಮಿಗೆ ಹಿಂಡಿ ಇದ್ರ ಸಾಕು," ಅಂದಳು. ಆಮೇಲೆ, ಒಡಪು ಹೇಳುವ ದನಿಯಲ್ಲೇ, "ಹಡದಾಕಿಗೆ, ಮಗ ಆ ನೀರಿನ ಮಾತೊಂದು ಕೇಳದಿದ್ರ ಸಾಕಿತ್ತು."

ಇವತ್ತು ಮುಂಜಾನೆ ಆ ಎರಡನೆಯ ಸಾಲನ್ನು ಬೋರ್ಡಿನ ಮೇಲೆ ಬರೆದೆ. ಕೆಳಗೆ ನನ್ನ ಹೆಸರು ಹಾಕುವ ಜಾಗದಲ್ಲಿ ರುದ್ರವ್ವ ಅಂತ ಬರೆದೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಒಬ್ಬೊಬ್ಬರೇ ಓದಿ, ಒಬ್ಬೊಬ್ಬರೇ ನನ್ನ ಕಡೆ ನೋಡುತ್ತಿದ್ದಾರೆ. ಒರೆಸುವುದಿಲ್ಲ.

ನಿನ್ನ,
ಸಿದ್ದ